ಸಿಡ್ನಿಯ ಕಡಲ ಕರೆಯ ಕಾವಲು ಸಂಘಗಳು

ಆಟದ ಸಂಘಗಳ ವಿಷಯದಲ್ಲಿ ನಮ್ಮ ಸುಶಿಕ್ಷಿತ ಕುಟುಂಬಗಳಲ್ಲಿ ಎರಡು ಬಗೆಯ ಅಭಿಪ್ರಾಯಗಳು ಬಹುಕಾಲದಿಂದ ನಡೆದುಬಂದಿವೆ. ಆಟವು ಹೊತ್ತು ಕಳೆಯುವ ಹವ್ಯಾಸ, ಓದಿಗೂ ದುಡಿಮೆಗೂ ಅಡ್ಡಿ ಎಂಬುದು ಒಂದು. ಆಟದಿಂದ ಮೈಕಟ್ಟೂ ಶಿಸ್ತೂ ಬೆಳೆಯುವುವಾದುದರಿಂದ ಅದಕ್ಕೆ ಬೇರೆ ಸಮರ್ಥನೆಯೇ ಬೇಡವೆಂಬುದು ಇನ್ನೊಂದು. ಈ ಎರಡು ಪಕ್ಷಗಳೂ ಆಟವನ್ನು ಆಡುವವನ ಲಾಭನಷ್ಟದಿಂದಲೇ ಅಳೆಯುತ್ತವೆ. ಅವನು ಆಡಿದುದರಿಂದ ನೆರೆಹೊರೆಯವರಿಗೆ ಏನಾಯಿತೆಂದು ಕೇಳುವುದಿಲ್ಲ. ಹಾಗೆ ಕೇಳಿ ನೋಡುವುದಕ್ಕೆ ಆಸ್ಟ್ರೇಲಿಯ ದೇಶದ ಸಿಡ್ನಿ ಪಟ್ಟಣದ ಕಡಲ ಕರೆಗಿಂತ ತಕ್ಕ ಸ್ಥಳವು ಸಿಕ್ಕುವುದು ಕಷ್ಟ. ಅಲ್ಲಿ ಕಳೆದ ಶತಮಾನದ ಮೊದಲ ದಶಕದಲ್ಲಿ ಕೆಲವು ಈಜುಗಾರ ತರುಣರು ತಮ್ಮ ಸಂತೋಷಕ್ಕಾಗಿ ಕೂಡಿಕೊಂಡರು. ಕೂಡಿಕೊಂಡವರು ಕೆಲವೇ ವರ್ಷಗಳಲ್ಲಿ ಊರಿನ ಪ್ರಾಣರಕ್ಷಣೆಯ ಹೊಣೆಯನ್ನು ಹೊತ್ತರು. ಈ ಸಂಘಗಳ ಇತಿಹಾಸವನ್ನೂ, ಅವುಗಳ ಗುಣದೋಷಗಳನ್ನೂ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು ಸ್ಥಳದ ಸ್ವರೂಪವನ್ನು ತಿಳಿಯಬೇಕು. ಸಿಡ್ನಿಯ ಬಂದರು ಒಳನಾಡಿಗೆ ಚಾಚಿದ ಪ್ರಶಾಂತವಾದ ಜಲರಾಶಿ. ಆದರೆ ಬಂದರಿನ ಬಾಯಿಯ ಹೊರಗೆ, ದಕ್ಷಿಣದಲ್ಲಿ ಬಾಂಡೈ, ಟಮರಾಮ, ಬ್ರಾಂಟಿ, ಕೂಜಿ ಎಂಬ ಕರೆಗಳೂ, ಉತ್ತರದಲ್ಲಿ ಮ್ಯಾನ್ಲಿ, ಫ್ರೆಶ್‌ವಾಟರ್ ಮೊದಲಾದವೂ ನೇರವಾಗಿ ಪೆಸಿಫಿಕ್ ಮಹಾಸಾಗರಕ್ಕೆ ಮೈಯೊಡ್ಡಿಕೊಂಡಿವೆ. ಮರಳುಗಲ್ಲಿನ ಎರಡು ಕೋಡುಗಳ ನಡುವೆ ಬಿದಿಗೆಯ ಚಂದ್ರನಂತೆ ಬಾಗಿದ ಮರಳು. ಅದರ ಮುಂದೆ ಒಂದರ ಹಿಂದೊಂದು ಬಂದು ಒಡೆಯುವ ತೆರೆಗಳು. ಒಡೆದ ತೆರೆಯ ನೀರು ದಡದ ಬಳಿ ತುಂಬಿಕೊಂಡು, ಮರಳಿನ ದಿಬ್ಬಗಳ ನಡುವಣ ಆಳವಾದ ಕಾಲುವೆಯನ್ನು ಹಿಡಿದು ರಭಸದಿಂದ ಕಡಲಿಗೆ ಹಿಂದಿರುಗುತ್ತದೆ. ಇದೇ ಸೆಳವು. ಸೆಳವಿನ ಮೋಸವೆಂದರೆ, ಅದು ಇರುವಲ್ಲಿ ತೆರೆಗಳು ಕಡಿಮೆಯಾಗಿ ನೀರು ಶಾಂತವಾಗಿ ತೋರುತ್ತದೆ. ಅರಿಯದವನು ಅಲ್ಲಿಯೇ ಇಳಿಯುತ್ತಾನೆ. ಸೆಳವು ಮನುಷ್ಯನನ್ನು ಕೆಳಕ್ಕೆ ಎಳೆಯುವುದಿಲ್ಲ, ಹೊರಕ್ಕೆ ಒಯ್ಯುತ್ತದೆ. ಅವನು ಹೆದರಿ, ದಡದ ಕಡೆಗೆ ಮುಖಮಾಡಿ, ಸೆಳವಿಗೆ ಎದುರಾಗಿ ಈಜಿ, ಬಳಲಿ ಮುಳುಗುತ್ತಾನೆ. ಅಡ್ಡಲಾಗಿ ಈಜಿದರೆ, ಅಥವಾ ತೇಲುತ್ತ ನೆರವಿಗಾಗಿ ಕಾದರೆ, ಬದುಕುವ ಸಂಭವ ಹೆಚ್ಚು. ಈ ಸಾಮಾನ್ಯ ಜ್ಞಾನವು ಜನರಲ್ಲಿ ಹರಡುವುದಕ್ಕೆ ಬಹುಕಾಲ ಹಿಡಿಯಿತು.

ಹಾಗೆ ಹರಡದಿರುವುದಕ್ಕೆ ಕಾನೂನೂ ಒಂದು ಕಾರಣವಾಯಿತು. ಆ ಕರೆಯ ಮೂಲನಿವಾಸಿಗಳು ಬ್ರಿಟಿಷರು ಬರುವುದಕ್ಕೆ ಬಹು ಮೊದಲೇ ಆ ನೀರಿನಲ್ಲಿ ಈಜಿ, ಮೀನು ಹಿಡಿದು ಬಾಳಿದವರು. ವಲಸೆ ಬಂದ ಬ್ರಿಟಿಷರಿಗಾದರೋ ಬಯಲಿನಲ್ಲಿ ಮೀಯುವುದು ಮರ್ಯಾದೆಗೆ ಸಲ್ಲದ ಸಂಗತಿಯಾಗಿತ್ತು. 1833ನೆಯ ಇಸವಿಯಲ್ಲಿ ಸಿಡ್ನಿ ಬಂದರಿನ ಕೆಲವು ಭಾಗಗಳಲ್ಲಿ ಬೆಳಗಿನ ಆರು ಗಂಟೆಯಿಂದ ರಾತ್ರಿ ಎಂಟು ಗಂಟೆಯವರೆಗೆ ಸ್ನಾನವನ್ನು ನಿಷೇಧಿಸಿದರು. 1838ರಲ್ಲಿ ಆ ನಿಷೇಧವನ್ನು ಪಟ್ಟಣಗಳ ಸಾರ್ವಜನಿಕ ಸ್ಥಳಗಳಿಗೆ ಕಾಣುವ ನೀರಿಗೆಲ್ಲ ವಿಸ್ತರಿಸಿದರು. ಹೀಗೆ ಕಡಲ ತೆರೆಗೆ ಇಳಿಯತಕ್ಕವರು ಹೊತ್ತು ಮೂಡುವ ಮುನ್ನವೋ ಮುಳುಗಿದ ಮೇಲೋ ಇಳಿಯಬೇಕಾಯಿತು. ಕತ್ತಲಲ್ಲಿ ಮಾತ್ರ ಕಂಡ ಕಡಲಿನ ಗುಣವನ್ನು ಜನರು ಕಲಿಯುವುದು ಹೇಗೆ?

ಕಲಿಸಿದವರಲ್ಲಿ ಮೊದಲಿಗನೆಂದು ಹೇಳಲಾಗುವವನು ಆ ದೇಶದವನಲ್ಲ. 1890ರ ದಶಕದಲ್ಲಿ ಮ್ಯಾನ್ಲಿಯಲ್ಲಿ ಮನೆಗೆಲಸ ಮಾಡಿಕೊಂಡಿದ್ದ, ಇಂದಿನ ವನುವಾಟು ದೇಶದ ಟ್ಯಾನ ದ್ವೀಪದ ತರುಣನೊಬ್ಬನು ತೆರೆಯ ಬೆನ್ನೇರಿ ದಡಕ್ಕೆ ಜಾರಿಬರುವುದನ್ನು ಅಲ್ಲಿಯ ಹುಡುಗರು ಬೆರಗಿನಿಂದ ನೋಡಿದರು. ಅವನನ್ನು ಅವರು ಟಾಮಿ ಟ್ಯಾನ ಎಂದು ಕರೆದರು. ಅವನ ನಿಜವಾದ ಹೆಸರಿನ ಬದಲು ಅವನ ದ್ವೀಪದ ಹೆಸರೇ ಚರಿತ್ರೆಯಲ್ಲಿ ಉಳಿದಿದೆ. ಫ್ರೆಡ್ಡಿ ವಿಲಿಯಮ್ಸ್ ಎಂಬ ಹುಡುಗನು ಅವನಿಂದ ಕಲಿತು ಇತರರಿಗೆ ಕಲಿಸಿದನು. ತೆರೆಯೊಡನೆ ಹೋರಾಡದೆ ಅದರ ಬಲವನ್ನೇ ಬಳಸಿಕೊಳ್ಳುವ ಈ ವಿದ್ಯೆಯಿಂದ ಮುಂದಿನ ಎಲ್ಲ ಬೆಳವಣಿಗೆಯೂ ಹುಟ್ಟಿತು. ಮುಂದೆ ಈ ಸಂಘಗಳು ಯಾರನ್ನು ಒಳಗೆ ಬಿಟ್ಟುವು, ಯಾರನ್ನು ಹೊರಗೆ ನಿಲ್ಲಿಸಿದುವು ಎಂಬುದನ್ನು ನೋಡುವಾಗ, ಮೊದಲ ಪಾಠವು ಒಬ್ಬ ಪರದೇಶದ ಕೂಲಿಯವನಿಂದ ಬಂದಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಹಗಲಿನ ನಿಷೇಧವನ್ನು ಬಹಿರಂಗವಾಗಿ ಮುರಿದವನೆಂದು ಪ್ರಸಿದ್ಧನಾದವನು ವಿಲಿಯಮ್ ಗೋಚರ್ ಎಂಬ ಪತ್ರಿಕಾಕರ್ತ. ಅವನು ಮ್ಯಾನ್ಲಿಯಲ್ಲಿ ಒಂದು ಸ್ಥಳೀಯ ಪತ್ರಿಕೆಯನ್ನು ನಡೆಯಿಸುತ್ತಿದ್ದನು. 1902ನೆಯ ಅಕ್ಟೋಬರಿನಲ್ಲಿ, ತಾನು ಹಾಡುಹಗಲಿನಲ್ಲಿ ಕಡಲಿಗೆ ಇಳಿಯುವೆನೆಂದು ತನ್ನ ಪತ್ರಿಕೆಯಲ್ಲಿಯೇ ಮೊದಲು ಪ್ರಕಟಿಸಿ, ಹೇಳಿದಂತೆ ಇಳಿದನು. ಪೋಲೀಸರು ಹಿಡಿಯಲಿಲ್ಲ, ಮತ್ತೆ ಇಳಿದನು. ಕೊನೆಗೆ ಠಾಣೆಗೆ ಕರೆದೊಯ್ದರೂ ಅವನ ಮೇಲೆ ಆಪಾದನೆ ಹೊರಿಸಲಿಲ್ಲ. ಅವನಿಗಿಂತ ಮೊದಲೇ ಹಗಲಿನಲ್ಲಿ ಈಜಿದವರು ಇದ್ದರೆಂದೂ, ನಿಷೇಧವು ಆಗಲೇ ಸಡಿಲವಾಗಿದ್ದಿತೆಂದೂ ಚರಿತ್ರಕಾರರು ಹೇಳುತ್ತಾರೆ. ಅದು ನಿಜವಿರಬಹುದು. ಆದರೆ ಕದ್ದು ಮುರಿಯುವುದಕ್ಕೂ ಸಾರಿ ಮುರಿಯುವುದಕ್ಕೂ ಅಂತರವಿದೆ. 1903ನೆಯ ನವೆಂಬರಿನಲ್ಲಿ ಮ್ಯಾನ್ಲಿಯ ಪುರಸಭೆಯು, ಕತ್ತಿನಿಂದ ಮೊಣಕಾಲಿನವರೆಗೆ ಮೈ ಮುಚ್ಚುವ ಉಡುಪನ್ನು ತೊಟ್ಟವರು ಹಗಲೆಲ್ಲ ಮೀಯಬಹುದೆಂದು ಅನುಮತಿ ಕೊಟ್ಟಿತು. ಇತರ ಪುರಸಭೆಗಳೂ ಅದೇ ಹಾದಿಯನ್ನು ಹಿಡಿದುವು.

ಸ್ವಾತಂತ್ರ್ಯ ಬಂದ ಬೆನ್ನಿಗೆ ಅಪಾಯವೂ ಬಂದಿತು. ಟ್ರಾಮಿನಲ್ಲಿ ಬಾಂಡೈಗೂ ಹಡಗಿನಲ್ಲಿ ಮ್ಯಾನ್ಲಿಗೂ ರಜೆಯ ದಿನಗಳಲ್ಲಿ ಸಾವಿರಾರು ಜನರು ಬರತೊಡಗಿದರು. ಇವರಲ್ಲಿ ಬಹುಮಂದಿಗೆ ಈಜು ಬಾರದು. ಬಂದವರಿಗೂ ಕೊಳದ ಈಜು ಬರುತ್ತಿತ್ತೇ ಹೊರತು ತೆರೆಯ ಸ್ವಭಾವ ತಿಳಿಯದು. ದಡದಲ್ಲಿ ನೆಟ್ಟ ಕಂಬಕ್ಕೆ ಒಂದು ತೇಲುಬಳೆ, ಒಂದಷ್ಟು ಹಗ್ಗ, ಇಷ್ಟೇ ಆಗಿನ ಏರ್ಪಾಟು. ಮ್ಯಾನ್ಲಿಯಲ್ಲಿ ಸ್ಲೈ ಎಂಬ ಮೀನುಗಾರ ಸಹೋದರರು ತಮ್ಮ ದೋಣಿಯನ್ನು ತೆರೆಗಳಾಚೆ ನಿಲ್ಲಿಸಿಕೊಂಡು ಸೆಳವಿಗೆ ಸಿಕ್ಕಿದವರನ್ನು ಎತ್ತಿಕೊಂಡು ಬರುತ್ತಿದ್ದರು. 1891ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಜೀವರಕ್ಷಕ ಸಂಸ್ಥೆಯೊಂದರ ಶಾಖೆಯು ಸಿಡ್ನಿಯಲ್ಲಿಯೂ ಪಾಠ ಹೇಳುತ್ತಿತ್ತು. ಆದರೆ ಅದರ ಅಭ್ಯಾಸಗಳು ನಿಂತ ನೀರಿಗೆ ಹೊಂದಿದ್ದುವೇ ಹೊರತು ಒಡೆಯುವ ತೆರೆಗೆ ಹೊಂದುತ್ತಿರಲಿಲ್ಲ. ಕರೆಯಲ್ಲಿ ದಿನವೂ ಇರುತ್ತಿದ್ದ ಉತ್ತಮ ಈಜುಗಾರರಿಗೆ ತಮ್ಮ ಕಣ್ಣೆದುರಿಗೆ ಜನ ಮುಳುಗುವುದು ಕಾಣುತ್ತಿತ್ತು. ಓಡಿಹೋಗಿ ಎತ್ತುತ್ತಿದ್ದರು, ಕೆಲವೊಮ್ಮೆ ಎತ್ತಹೋದವರೂ ಅಪಾಯಕ್ಕೆ ಸಿಕ್ಕುತ್ತಿದ್ದರು. ಒಬ್ಬೊಬ್ಬರ ಧೈರ್ಯದಿಂದ ಈ ಕೆಲಸ ಸಾಗದು, ಕೂಟ ಬೇಕು, ಅಭ್ಯಾಸ ಬೇಕು, ಸಲಕರಣೆ ಬೇಕು ಎಂಬ ಅರಿವು ಹೀಗೆ ಮೂಡಿತು.

ಮೊದಲ ಸಂಘ ಯಾವುದು ಎಂಬ ವಿಷಯದಲ್ಲಿ ಬಾಂಡೈಗೂ ಬ್ರಾಂಟಿಗೂ ಇಂದಿಗೂ ವಿವಾದವಿದೆ. ಬ್ರಾಂಟಿಯವರು ತಮ್ಮದು 1903ರದೆನ್ನುತ್ತಾರೆ; ಬಾಂಡೈಯ ಸಂಘವು 1907ನೆಯ ಫೆಬ್ರವರಿ 21ರಂದು ವಿಧ್ಯುಕ್ತವಾಗಿ ಹುಟ್ಟಿತೆಂಬುದಕ್ಕೆ ದಾಖಲೆಯಿದೆ. ಪಕ್ಕಪಕ್ಕದ ಎರಡು ಕರೆಗಳ ನಡುವಣ ಈ ಜಗಳವನ್ನು ತೀರಿಸುವುದು ನಮ್ಮ ಕೆಲಸವಲ್ಲ. ಒಂದೇ ಅಗತ್ಯವನ್ನು ಕಂಡ ನೆರೆಯವರು ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಒಂದೇ ಬಗೆಯ ಉತ್ತರವನ್ನು ಕಂಡುಕೊಂಡರೆಂಬುದು ಮುಖ್ಯ ಸಂಗತಿ.

ಆ ಉತ್ತರದ ಕುರುಹು ಹಗ್ಗದ ರಾಟೆ. 1906ನೆಯ ಡಿಸೆಂಬರಿನಲ್ಲಿ ಬಾಂಡೈಯಲ್ಲಿ ಇದನ್ನು ಜನರ ಮುಂದೆ ಪ್ರಯೋಗಿಸಿ ತೋರಿಸಿದರು. ನೂಲಿನ ಉಂಡೆಯ ಕೊಳವೆಯೊಂದಕ್ಕೆ ತಲೆಗೂದಲಿನ ಸೂಜಿಗಳನ್ನು ಸಿಕ್ಕಿಸಿ ಲಿಸ್ಟರ್ ಆರ್ಮ್ಸ್‌ಬಿ ಎಂಬಾತನು ಅದರ ಮೊದಲ ಮಾದರಿಯನ್ನು ಮಾಡಿದನೆಂದು ಪ್ರತೀತಿ. ಪರ್ಸಿ ಫ್ಲಿನ್, ಸಿಗ್ ಫುಲ್‌ವುಡ್, ಜಾನ್ ಬಾಂಡ್ ಇವರ ಹೆಸರುಗಳೂ ಆ ಕೀರ್ತಿಯಲ್ಲಿ ಪಾಲು ಕೇಳುತ್ತವೆ. ಯಂತ್ರವೇನೋ ಬಹು ಸರಳ. ಮರದ ಚೌಕಟ್ಟಿನ ಮೇಲೆ ದೊಡ್ಡ ರಾಟೆ; ಅದಕ್ಕೆ ಸುತ್ತಿದ ಉದ್ದವಾದ ಹಗ್ಗ; ಹಗ್ಗದ ತುದಿಯಲ್ಲಿ ನಡುಪಟ್ಟಿ. ಪಟ್ಟಿಯನ್ನು ಕಟ್ಟಿಕೊಂಡ ಈಜುಗಾರನು ತೆರೆಗಳನ್ನು ಸೀಳಿಕೊಂಡು ಮುಳುಗುವವನ ಬಳಿಗೆ ಹೋಗಿ, ಅವನನ್ನು ಹಿಡಿದು ಕೈಯೆತ್ತಿ ಸನ್ನೆ ಮಾಡುತ್ತಾನೆ. ಹಗ್ಗವನ್ನು ತಲೆಯ ಮೇಲೆ ಎತ್ತಿ ಹಿಡಿದು ಸಾಲಾಗಿ ನಿಂತವರು ಆಗ ಅದನ್ನು ಹದವಾಗಿ ಎಳೆಯುತ್ತಾರೆ. ಒಬ್ಬನು ರಾಟೆಗೆ ಸುತ್ತುತ್ತಾನೆ. ಎಳೆತವು ಅತಿಯಾದರೆ ಇಬ್ಬರೂ ನೀರಿನ ಒಳಗಾಗುವರು. ಹಗ್ಗವು ಕಡಲಸೊಪ್ಪಿಗೆ ಸಿಕ್ಕಿದರೆ ಪಟ್ಟಿ ಕಟ್ಟಿದವನ ಪ್ರಾಣಕ್ಕೇ ಕುತ್ತು. ಆದುದರಿಂದಲೇ ಮುಂದೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಪಟ್ಟಿಗಳನ್ನು ಮಾಡಬೇಕಾಯಿತು. ಈ ಯಂತ್ರದಲ್ಲಿ ಒಬ್ಬನ ಶೌರ್ಯವು ದಡದಲ್ಲಿ ನಿಂತ ನಾಲ್ಕಾರು ಮಂದಿಯ ತಾಳ್ಮೆಯನ್ನು ಅವಲಂಬಿಸಿದೆ. ಸಂಘವೆಂದರೆ ಏನೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ವಸ್ತುವನ್ನು ಹೇಳುವುದು ಕಷ್ಟ.

ಬಾಂಡೈಯ ಸಂಘವು ಹುಟ್ಟುವುದಕ್ಕೆ ಏಳು ವಾರಗಳ ಹಿಂದೆ, 1907ನೆಯ ಜನವರಿ 2ರಂದು, ಅದೇ ಕರೆಯಲ್ಲಿ ಸೆಳವಿಗೆ ಸಿಕ್ಕಿದ್ದ ಒಂಬತ್ತು ವರ್ಷದ ಬಾಲಕನೊಬ್ಬನನ್ನು ಆ ಈಜುಗಾರರು ಎತ್ತಿ ಬದುಕಿಸಿದರು. ಅವನ ಹೆಸರು ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್. 1928ರಲ್ಲಿ ಅಮೆರಿಕದಿಂದ ಆಸ್ಟ್ರೇಲಿಯಕ್ಕೆ ಪೆಸಿಫಿಕ್ ಸಾಗರವನ್ನು ಮೊದಲಬಾರಿಗೆ ವಿಮಾನದಲ್ಲಿ ದಾಟಿ ಲೋಕಪ್ರಸಿದ್ಧನಾದವನು ಇವನೇ. 1935ನೆಯ ನವೆಂಬರಿನಲ್ಲಿ ನಮ್ಮ ಅಲಹಾಬಾದಿನಿಂದ ಸಿಂಗಪುರಕ್ಕೆ ಹಾರುತ್ತಿರುವಾಗ ಅಂಡಮಾನ್ ಸಮುದ್ರದ ಮೇಲೆ ಅವನ ವಿಮಾನವು ಕಾಣೆಯಾಯಿತು. ಬಾಲ್ಯದಲ್ಲಿ ಒಂದು ಕಡಲು ಬಿಟ್ಟುಕೊಟ್ಟವನನ್ನು ನಡುವಯಸ್ಸಿಗೆ ಮುನ್ನವೇ ಇನ್ನೊಂದು ಕಡಲು ತೆಗೆದುಕೊಂಡಿತು. ಕಾವಲಿನವರು ಅಂದು ಎತ್ತಿದುದು ಮುಂದೆ ಏನಾಗುವನೆಂದು ತಿಳಿಯದ ಒಬ್ಬ ಹುಡುಗನನ್ನು. ಈ ಬಗೆಯ ಸೇವೆಯಲ್ಲಿ ಎತ್ತುವವನು ಪ್ರಾಣದ ಬೆಲೆಯನ್ನು ವಿಚಾರಿಸುವುದಿಲ್ಲ.

ಅದೇ ವರ್ಷದ ಅಕ್ಟೋಬರಿನಲ್ಲಿ ನಡೆದ ಎರಡು ಸಂಗತಿಗಳು ಈ ಚಳವಳಿಯ ಎರಡು ಮುಖಗಳನ್ನು ತೋರಿಸುತ್ತವೆ. ಅಕ್ಟೋಬರ್ 18ರಂದು ಹಲವು ಕರೆಗಳ ಸಂಘಗಳು ಸೇರಿ ನ್ಯೂ ಸೌತ್ ವೇಲ್ಸ್ ಪ್ರಾಂತದ ತೆರೆಸ್ನಾನ ಮಂಡಲಿಯನ್ನು ಸ್ಥಾಪಿಸಿದರು. ಇದೇ ಮುಂದೆ ಬೆಳೆದು ದೇಶವ್ಯಾಪಿಯಾದ ಸರ್ಫ್ ಲೈಫ್ ಸೇವಿಂಗ್ ಆಸ್ಟ್ರೇಲಿಯ ಎಂಬ ಸಂಸ್ಥೆಯಾಯಿತು. ಎರಡು ದಿನಗಳ ತರುವಾಯ, ಅಕ್ಟೋಬರ್ 20ರಂದು, ಬಾಂಡೈ, ಮ್ಯಾನ್ಲಿ, ಕೂಜಿ ಕರೆಗಳಲ್ಲಿ ನೂರಾರು ಗಂಡಸರು ಹೆಂಗಸರ ಲಂಗಗಳನ್ನೂ ಪರದೆಗಳನ್ನೂ ಉಟ್ಟುಕೊಂಡು ಮೆರವಣಿಗೆ ಹೊರಟರು! ವೇವರ್ಲಿ ಪುರಸಭೆಯ ಅಧ್ಯಕ್ಷನು ಗಂಡಸರೂ ಲಂಗದಂಥ ಸ್ನಾನದುಡುಪನ್ನು ತೊಡಬೇಕೆಂದು ನಿಯಮ ಮಾಡಲು ಹೊರಟುದೇ ಇದಕ್ಕೆ ಕಾರಣ. ನೋಡಿದವರು ನಕ್ಕರು, ನಿಯಮವು ಬಿದ್ದುಹೋಯಿತು. ನೀರಿಗಿಳಿಯುವ ಹಕ್ಕನ್ನು ಕೇಳಿದವರೇ ನೀರಿಗಿಳಿದವರ ಪ್ರಾಣಕ್ಕೆ ತಾವು ಹೊಣೆಯೆಂದೂ ಒಪ್ಪಿಕೊಂಡರು. ಈ ಕಾವಲು ಇರುವಾಗ ಹಗಲಿನ ಸ್ನಾನವನ್ನು ಅಪಾಯದ ನೆಪದಿಂದ ಮತ್ತೆ ನಿಷೇಧಿಸುವುದು ಪುರಸಭೆಗಳಿಗೆ ಸುಲಭವಾಗಿರಲಿಲ್ಲ. ಸೇವೆಯು ಹೀಗೆ ಆಟಕ್ಕೆ ರಕ್ಷೆಯಾಯಿತು.

ಆಟವೂ ಸೇವೆಗೆ ಸಾಧನವಾಯಿತು. 1908ರಲ್ಲಿ ಮ್ಯಾನ್ಲಿಯಲ್ಲಿ ಮೊದಲ ಜಲಕ್ರೀಡೋತ್ಸವ ನಡೆಯಿತು. ಈಜು, ತೆರೆದೋಣಿಯ ಪಂದ್ಯ, ರಾಟೆಯಿಂದ ಎತ್ತಿತರುವ ಪಂದ್ಯ ಇವೆಲ್ಲವೂ ಅಲ್ಲಿದ್ದುವು. 1910ರಿಂದ, ಈಜಿನಲ್ಲಿಯೂ ರಾಟೆಯ ಪ್ರಯೋಗದಲ್ಲಿಯೂ ಉಸಿರು ತರಿಸುವ ವಿಧಾನದಲ್ಲಿಯೂ ಪರೀಕ್ಷೆ ಕೊಟ್ಟು ತೇರ್ಗಡೆಯಾದವರಿಗೆ ಕಂಚಿನ ಪದಕವನ್ನು ಕೊಡತೊಡಗಿದರು. ಆ ಪದಕವಿಲ್ಲದವನು ಎಂಥ ಈಜುಗಾರನಾದರೂ ಕಾವಲಿಗೆ ನಿಲ್ಲುವಂತಿರಲಿಲ್ಲ. ಜಾಗರೂಕತೆ ಮತ್ತು ಸೇವೆ ಎಂಬುದು ಅವರ ಧ್ಯೇಯವಾಕ್ಯವಾಯಿತು. ಬೇಸಗೆಯ ಒಂದು ಇಡಿಯ ವಾರಾಂತ್ಯದಲ್ಲಿ ಒಬ್ಬನಿಗೂ ಆಪತ್ತು ಬಾರದೆ ಹೋಗಬಹುದು. ಹಾಗಿರಲು ಬಿಸಿಲಿನಲ್ಲಿ ಸುಮ್ಮನೆ ನೀರನ್ನು ನೋಡುತ್ತ ನಿಲ್ಲುವ ಕೆಲಸಕ್ಕೆ ತರುಣರು ವರ್ಷ ವರ್ಷವೂ ವೇತನವಿಲ್ಲದೆ ಬರುವಂತೆ ಮಾಡುವುದು ಹೇಗೆ? ಉಪದೇಶದಿಂದ ಅದು ಆಗತಕ್ಕದ್ದಲ್ಲ. ಪಂದ್ಯದ ಉತ್ಸಾಹ, ಗೆಳೆತನ, ತಮ್ಮ ಕರೆಯ ಹೆಸರಿನ ಅಭಿಮಾನ ಇವೇ ಅವರನ್ನು ಕರೆತಂದುವು. ನಮ್ಮ ಊರುಗಳ ಗರಡಿಮನೆಗಳಲ್ಲಿ ಸಾಮು ಮಾಡಿದ ಹುಡುಗರು ಜಾತ್ರೆಯ ದಿನ ತೇರಿನ ಹಗ್ಗಕ್ಕೂ, ಬೆಂಕಿ ಬಿದ್ದ ದಿನ ನೀರಿನ ಕೊಡಕ್ಕೂ ಮೊದಲು ಕೈ ಚಾಚುತ್ತಿದ್ದುದನ್ನು ಬಲ್ಲವರಿಗೆ ಇದು ಹೊಸ ಮಾತಾಗದು.

1914–15ರ ಬೇಸಗೆಯಲ್ಲಿ ಹವಾಯಿ ದ್ವೀಪದ ಡ್ಯೂಕ್ ಕಹಾನಮೋಕು ಸಿಡ್ನಿಗೆ ಬಂದನು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ ಪಂದ್ಯಗಳಲ್ಲಿ ನೂರು ಮೀಟರಿನ ಈಜಿನಲ್ಲಿ ಚಿನ್ನದ ಪದಕವನ್ನು ಗೆದ್ದವನು ಈತ. ಫ್ರೆಶ್‌ವಾಟರ್ ಕರೆಯಲ್ಲಿ ಅಲ್ಲಿಯದೇ ಮರದಿಂದ ತಾನು ಕೆತ್ತಿದ ಹಲಗೆಯ ಮೇಲೆ ನಿಂತು ಅವನು ತೆರೆಯನ್ನು ಏರಿ ಬಂದುದನ್ನು ಕಂಡ ಜನರು ಮುಗ್ಧರಾದರು. ಆ ಹಲಗೆಯನ್ನು ಅಲ್ಲಿಯ ಸಂಘವು ಜೋಪಾನವಾಗಿ ಇಟ್ಟುಕೊಂಡಿದೆ. ಟ್ಯಾನದ ತರುಣನ ತರುವಾಯ ಇದು ದ್ವೀಪವಾಸಿಗಳ ಎರಡನೆಯ ಪಾಠ. ಅವನೊಡನೆ ಆ ಹಲಗೆಯನ್ನು ಏರಿದವರಲ್ಲಿ ಇಸಬೆಲ್ ಲೆಥಮ್ ಎಂಬ ಹದಿನೈದು ವರ್ಷದ ಹುಡುಗಿಯೂ ಇದ್ದಳು. ಮುಂದೆ ಅವಳು ಅಮೆರಿಕದಲ್ಲಿ ಈಜಿನ ಶಿಕ್ಷಕಿಯಾದಳು. ಸಿಡ್ನಿಯ ರಕ್ಷಣಾವಿಧಾನವನ್ನು ಅಲ್ಲಿಯೂ ಬಳಕೆಗೆ ತರಬೇಕೆಂದು ಮ್ಯಾನ್ಲಿಯ ಸಂಘದ ಸದಸ್ಯತ್ವವನ್ನು ಕೇಳಿದಾಗ, ಹೆಂಗಸೆಂಬ ಕಾರಣದಿಂದ ಅದು ಅವಳಿಗೆ ದೊರೆಯಲಿಲ್ಲ.

ಎರಡು ಮಹಾಯುದ್ಧಗಳು ಈ ಸಂಘಗಳ ತರುಣರನ್ನು ಹೆಚ್ಚಾಗಿ ಎಳೆದುಕೊಂಡುವು. ಕವಾಯತು, ಧ್ವಜ, ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಯುವ ಮೆರವಣಿಗೆ ಇವೆಲ್ಲ ಸೈನ್ಯದಿಂದ ಕರೆಗೆ ಬಂದ ಪದ್ಧತಿಗಳು. ಗಂಡಸರು ಯುದ್ಧಕ್ಕೆ ಹೋದಾಗ ಕೆಲವು ಕಡೆಗಳಲ್ಲಿ ಹೆಂಗಸರೇ ಕಾವಲಿಗೆ ನಿಂತರು. ಅವರು ಹಿಂದಿರುಗಿದ ಮೇಲೆ ಹೆಂಗಸರು ಮತ್ತೆ ಚಹಾ ಕಾಸುವ, ಚಂದಾ ಕೂಡಿಸುವ ಸಮಿತಿಗಳಿಗೆ ಹೋದರು.

ಈ ನಡುವೆ ಬಂದ 1938ನೆಯ ಫೆಬ್ರವರಿ 6ನೆಯ ಭಾನುವಾರವನ್ನು ಸಿಡ್ನಿಯವರು ಕಪ್ಪು ಭಾನುವಾರವೆಂದು ಕರೆಯುತ್ತಾರೆ. ಅಂದು ಬಾಂಡೈಯಲ್ಲಿ ಹತ್ತಾರು ಸಾವಿರ ಜನ ನೆರೆದಿದ್ದರು. ದಡದಿಂದ ಸ್ವಲ್ಪ ದೂರದ ಮರಳಿನ ದಿಬ್ಬದ ಮೇಲೆ ನೂರಾರು ಮಂದಿ ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. ಮಧ್ಯಾಹ್ನದ ತರುವಾಯ ಒಂದರ ಹಿಂದೊಂದು ಬಂದ ದೊಡ್ಡ ತೆರೆಗಳ ನೀರು ಹಿಂದಕ್ಕೆ ನುಗ್ಗಿದಾಗ, ಇನ್ನೂರು ಮುನ್ನೂರು ಮಂದಿ ಒಮ್ಮೆಗೇ ಆಳವಾದ ಕಾಲುವೆಗೆ ಕೊಚ್ಚಿಹೋದರು. ಕಾವಲಿನ ಸರದಿ ಬದಲಾಗುವ ಹೊತ್ತಾದುದರಿಂದ ಸಂಘದ ಬಹುಮಂದಿ ಸದಸ್ಯರು ದಡದಲ್ಲಿಯೇ ಇದ್ದುದು ಆ ದಿನದ ಭಾಗ್ಯ. ರಾಟೆಗಳೆಲ್ಲ ಇಳಿದುವು, ಹಲಗೆಗಳು, ತೇಲುಬಳೆಗಳು, ಬರಿಯ ಕೈಗಳು, ಏನು ಸಿಕ್ಕಿದರೆ ಅದರೊಡನೆ ಈಜುಗಾರರು ನುಗ್ಗಿದರು. ಭಯಗೊಂಡವರು ಹಗ್ಗಕ್ಕೇ ಜೋತುಬಿದ್ದುದರಿಂದ ಎಳೆಯುವುದೇ ಕಷ್ಟವಾಯಿತು. ಎಚ್ಚರ ತಪ್ಪಿದವರನ್ನು ಮರಳಿನ ಮೇಲೆ ಸಾಲಾಗಿ ಬೋರಲು ಮಲಗಿಸಿ ಬೆನ್ನೊತ್ತಿ ಉಸಿರು ತರಿಸಿದರು. ಐವರು ಸತ್ತರು. ಮೂವತ್ತು ವರ್ಷಗಳ ಕವಾಯತು, ಪದಕಗಳು, ಪಂದ್ಯಗಳು ಎಲ್ಲವೂ ಒಂದು ಅರ್ಧ ಗಂಟೆಯಲ್ಲಿ ಪರೀಕ್ಷೆಗೆ ಗುರಿಯಾದುವು. ಸತ್ತ ಐವರಿಗಾಗಿ ಊರು ದುಃಖಿಸಿತು. ಮರಳಿ ಮನೆಗೆ ಹೋದ ನೂರಾರು ಮಂದಿಯನ್ನು ಕಂಡು ಈ ಸಂಘಗಳು ಏತಕ್ಕೆ ಇವೆಯೆಂಬುದನ್ನು ಅರಿಯಿತು.

ಇಷ್ಟೆಲ್ಲ ಹೊಗಳಿದ ಮೇಲೆ ದೋಷಗಳನ್ನೂ ಹೇಳಬೇಕು. ಹೆಂಗಸರ ವಿಷಯವನ್ನು ಮೇಲೆಯೇ ಸೂಚಿಸಿದೆ. ಅವರಿಗೆ ತೆರೆಯಲ್ಲಿ ಹಗ್ಗವನ್ನು ಎಳೆದೊಯ್ಯುವ ಬಲವಿಲ್ಲವೆಂಬುದೇ ಸಂಘಗಳು ಹೇಳುತ್ತಿದ್ದ ಕಾರಣ. 1980ನೆಯ ಜುಲೈ ತಿಂಗಳಿನಲ್ಲಿ, ಎಂದರೆ ಮಂಡಲಿಯು ಹುಟ್ಟಿ ಎಪ್ಪತ್ತೆರಡು ವರ್ಷಗಳು ಕಳೆದ ಮೇಲೆ, ಹೆಂಗಸರಿಗೆ ಪೂರ್ಣ ಕಾವಲುಗಾರರಾಗುವ ಹಕ್ಕು ಬಂದಿತು. ಬಾಗಿಲು ತೆರೆದ ಮೇಲೆ ಅವರು ಬಹು ದೊಡ್ಡ ಸಂಖ್ಯೆಯಲ್ಲಿ ಬಂದರು. ಅವರನ್ನು ಬಿಟ್ಟು ಇಂದು ಕಾವಲಿನ ಸರದಿಯನ್ನು ಹೂಡುವುದೇ ಆಗದು. ಹಿಂದೆ ಹೇಳುತ್ತಿದ್ದ ಕಾರಣವು ಎಂಥದೆಂಬುದಕ್ಕೆ ಇದೇ ಸಾಕ್ಷಿ.

ಎರಡನೆಯ ದೋಷವು ಶಿಸ್ತಿನ ಅತಿಯಿಂದ ಹುಟ್ಟಿದುದು. 1956ರಲ್ಲಿ ಮೆಲ್ಬರ್ನಿನ ಒಲಿಂಪಿಕ್ ಪಂದ್ಯಗಳ ಕಾಲದಲ್ಲಿ ಟಾರ್ಕಿ ಎಂಬಲ್ಲಿ ನಡೆದ ಜಲಕ್ರೀಡೋತ್ಸವಕ್ಕೆ ಅಮೆರಿಕದವರು ಚಿಕ್ಕದಾದ, ಹಗುರವಾದ ಹಲಗೆಗಳನ್ನು ತಂದರು. ಅವುಗಳ ಮೇಲೆ ತೆರೆಯನ್ನು ಬೇಕಾದಂತೆ ತಿರುಗಿ ಏರಬಹುದಾಗಿತ್ತು. ಆ ಆಟದ ಸೊಗಸಿಗೆ ಮರುಳಾದ ತರುಣರಿಗೆ ಕವಾಯತೂ ಸರದಿಯೂ ಬೇಸರವಾಗಿ, ಮುಂದಿನ ದಶಕದಲ್ಲಿ ಅನೇಕರು ಸಂಘಗಳನ್ನು ಬಿಟ್ಟರು. ಹಲಗೆಯವರು ಕಾವಲಿನವರನ್ನು ಕವಾಯತಿನ ಗೊಂಬೆಗಳೆಂದೂ, ಕಾವಲಿನವರು ಹಲಗೆಯವರನ್ನು ಸೋಮಾರಿಗಳೆಂದೂ ಹಳಿದರು. ಆಟ ಒಂದು ಕಡೆಗೂ ಸೇವೆ ಇನ್ನೊಂದು ಕಡೆಗೂ ಹೋದುದು ಇಲ್ಲಿ. ಸಂಘಗಳಿಗೆ ಇದರಿಂದ ಬುದ್ಧಿ ಬಂದಿತೆನ್ನಬೇಕು. ಅವು 1960ರ ದಶಕದಿಂದ ಚಿಕ್ಕ ಮಕ್ಕಳಿಗಾಗಿ ನಿಪ್ಪರ್ಸ್ ಎಂಬ ವಿಭಾಗವನ್ನು ತೆರೆದುವು. ಐದು ವರ್ಷದ ಮಗುವೂ ಭಾನುವಾರ ಬೆಳಗ್ಗೆ ಮರಳಿನಲ್ಲಿ ಓಡಿ, ತೆರೆಯಲ್ಲಿ ಆಡಿ, ಆಡುತ್ತಲೇ ಸೆಳವಿನ ಗುರುತನ್ನು ಕಲಿಯುತ್ತದೆ. ಮಕ್ಕಳ ಬೆನ್ನಿಗೆ ತಾಯಿತಂದೆಗಳೂ ಸಂಘಕ್ಕೆ ಬರುತ್ತಾರೆ.

ಸಲಕರಣೆಗಳೂ ಬದಲಾದುವು. 1930ರ ದಶಕದಲ್ಲಿ ಬಂದ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಮೀಯಬೇಕೆಂಬ ನಿಯಮವು ಇಂದಿಗೂ ನಿಂತಿದೆ. 1960ರ ಸುಮಾರಿಗೆ ಬೆನ್ನೊತ್ತುವ ವಿಧಾನವು ಹೋಗಿ ಬಾಯಿಗೆ ಬಾಯಿಟ್ಟು ಉಸಿರೂದುವ ವಿಧಾನವು ಬಂದಿತು. 1969ರ ಸುಮಾರಿಗೆ ಗಾಳಿ ತುಂಬಿದ ರಬ್ಬರಿನ ಯಂತ್ರದೋಣಿಯೂ, 1973ರಲ್ಲಿ ಹೆಲಿಕಾಪ್ಟರೂ ಸೇವೆಗೆ ಸೇರಿದುವು. ಆರು ಮಂದಿ ಸೇರಿ ಮಾಡುತ್ತಿದ್ದ ಕೆಲಸವನ್ನು ಇಬ್ಬರು ದೋಣಿಯಲ್ಲಿ ಹೋಗಿ ಕ್ಷಣದಲ್ಲಿ ಮಾಡುವಂತಾದ ಮೇಲೆ ರಾಟೆಯು ಹಿಂದೆ ಬಿದ್ದಿತು. 1990ರ ದಶಕದಲ್ಲಿ ಅದು ಕಾವಲಿನಿಂದ ನಿವೃತ್ತವಾಗಿ ಈಗ ಪ್ರದರ್ಶನಗಳ ವಸ್ತುವಾಗಿದೆ. ಬಾಂಡೈಯಂಥ ಜನನಿಬಿಡವಾದ ಕರೆಗಳಲ್ಲಿ ಪುರಸಭೆಗಳು ವೇತನದ ಜೀವರಕ್ಷಕರನ್ನು ವರ್ಷವೆಲ್ಲ ಇಟ್ಟಿವೆ. ಸಂಘದ ಸ್ವಯಂಸೇವಕರು ಬೇಸಗೆಯ ವಾರಾಂತ್ಯಗಳಲ್ಲಿಯೂ ರಜೆಗಳಲ್ಲಿಯೂ ಅವರ ಜೊತೆಗೆ ನಿಲ್ಲುತ್ತಾರೆ. ವೇತನದವನು ಬಂದರೆ ಸ್ವಯಂಸೇವಕನು ಬೇಡವಾಗುವನೆಂಬ ಭಯವು ಸುಳ್ಳಾಯಿತು. ಜನರ ಮಿತಿಮೀರಿದ ಸಂದಣಿಗೆ ಇಬ್ಬರೂ ಬೇಕಾದರು.

ಮೂರನೆಯ ದೋಷವು ಇನ್ನೂ ಆಳವಾದುದು. ಕರೆಯು ಯಾರದು? ಸಿಡ್ನಿಯ ದಕ್ಷಿಣದ ಕ್ರೊನಲ್ಲ ಕರೆಯಲ್ಲಿ 2005ನೆಯ ಡಿಸೆಂಬರ್ 4ರಂದು ಮೂವರು ಸ್ವಯಂಸೇವಕ ಜೀವರಕ್ಷಕರಿಗೂ ಲೆಬನಾನ್ ಮೂಲದ ಕೆಲವು ತರುಣರಿಗೂ ಹೊಡೆದಾಟವಾಯಿತು. ಡಿಸೆಂಬರ್ 11ರಂದು ಸುಮಾರು ಐದು ಸಾವಿರ ಜನ ಅಲ್ಲಿ ನೆರೆದು, ಅರಬರಂತೆ ಕಂಡವರ ಮೇಲೆಲ್ಲ ಏರಿಹೋದರು. ಮುಂದಿನ ರಾತ್ರಿಗಳಲ್ಲಿ ಪ್ರತೀಕಾರದ ಹಲ್ಲೆಗಳೂ ನಡೆದುವು. ಜೀವರಕ್ಷಕನ ಹೆಸರನ್ನು ಹಿಡಿದು ಜನರನ್ನು ಹೊಡೆದುದು ಆ ಹೆಸರಿಗೆ ತಗುಲಿದ ದೊಡ್ಡ ಕಳಂಕ. ಆದರೆ ಮುಂದೆ ನಡೆದುದನ್ನೂ ಹೇಳದಿದ್ದರೆ ಅನ್ಯಾಯವಾಗುವುದು. ಜೀವರಕ್ಷಕ ಸಂಸ್ಥೆಯೂ ಸರಕಾರವೂ ಸ್ಥಳೀಯ ಪುರಸಭೆಯೂ ಕೂಡಿ, ಕಡಲಿನಿಂದ ದೂರದ ಬಡಾವಣೆಗಳ ವಲಸೆಗಾರ ಕುಟುಂಬಗಳ ತರುಣ ತರುಣಿಯರನ್ನು ಕರೆತಂದು ತರಬೇತು ಕೊಟ್ಟರು. ಮೈಯೆಲ್ಲ ಮುಚ್ಚುವ ಈಜಿನ ಉಡುಪನ್ನು ತೊಟ್ಟ ಮುಸಲ್ಮಾನ ತರುಣಿಯೂ ಕಂಚಿನ ಪದಕವನ್ನು ಪಡೆದು ಕಾವಲಿಗೆ ನಿಂತಳು. ಒಂದು ಕಾಲಕ್ಕೆ ಕತ್ತಿನಿಂದ ಮೊಣಕಾಲಿನವರೆಗೆ ಮುಚ್ಚದಿದ್ದರೆ ನೀರಿಗೆ ಬಿಡದಿದ್ದ ಕರೆಯಲ್ಲಿ, ಒಂದು ಶತಮಾನದ ತರುವಾಯ ಮುಚ್ಚಿಕೊಂಡವಳನ್ನು ಕಂಡು ಕೆಲವರು ಹುಬ್ಬು ಗಂಟಿಕ್ಕಿದರು. ನೀರಾದರೋ ಉಡುಪನ್ನು ವಿಚಾರಿಸುವುದಿಲ್ಲ. ಮುಳುಗುವವನೂ ತನ್ನನ್ನು ಎತ್ತುವ ಕೈ ಯಾವ ಕುಲದ್ದೆಂದು ಕೇಳುವುದಿಲ್ಲ.

ಇಂದು ಆಸ್ಟ್ರೇಲಿಯದಲ್ಲಿ ಇಂಥ ಸಂಘಗಳು ಮುನ್ನೂರಕ್ಕೂ ಹೆಚ್ಚಾಗಿವೆ. 1907ರಿಂದ ಈಚೆಗೆ ಆರು ಲಕ್ಷಕ್ಕೂ ಮಿಕ್ಕಿದ ಜನರನ್ನು ತಮ್ಮವರು ನೀರಿನಿಂದ ಎತ್ತಿದ್ದಾರೆಂದು ಸಂಸ್ಥೆಯು ಲೆಕ್ಕ ಹೇಳುತ್ತದೆ. ಈ ಸೇವೆಯ ಬೆಲೆಯನ್ನು ಹಣದಲ್ಲಿ ಕಟ್ಟಿ ಸರಕಾರವೇ ತೆರಬೇಕಾಗಿದ್ದರೆ ಎಷ್ಟಾಗುತ್ತಿತ್ತೆಂದು ಊಹಿಸಬಹುದು. ಸಂಘಗಳ ಆದಾಯವಾದರೋ ಚಂದಾ, ದಾನ, ಚೀಟಿಯ ಆಟ, ಸಭಾಮಂದಿರದ ಬಾಡಿಗೆ, ಅಲ್ಪಸ್ವಲ್ಪ ಸರಕಾರದ ನೆರವು ಇಷ್ಟೇ.

ನಮ್ಮ ಕರಾವಳಿಯ ವಾಚಕರು ಈ ಚರಿತ್ರೆಯಿಂದ ಏನನ್ನು ಗ್ರಹಿಸಬಹುದು? ಸೆಳವಿನ ನಿಯಮವು ಬಾಂಡೈಯಲ್ಲಿ ಹೇಗೋ ಪಣಂಬೂರಿನಲ್ಲಿಯೂ ಮಲ್ಪೆಯಲ್ಲಿಯೂ ಮುರ್ಡೇಶ್ವರದಲ್ಲಿಯೂ ಹಾಗೆಯೇ. 2024ನೆಯ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ಕಡಲ ಪಾಲಾದರು. ಕಡಲನ್ನು ಕಾಣದ ಬಯಲುಸೀಮೆಯ ಮಕ್ಕಳಿಗೆ ಅದರ ಗುಣ ತಿಳಿಯುವುದಾದರೂ ಹೇಗೆ? ಮುಳುಗುವವರನ್ನು ಎತ್ತುವ ಮೊಗವೀರರ ಧೈರ್ಯವು ನಮ್ಮಲ್ಲಿ ಹಿಂದಿನಿಂದಲೂ ಇದೆ. ಮೂಲ್ಕಿಯ ಕಡೆ ತೆರೆಯ ಹಲಗೆಯ ಆಟವೂ ಈ ಶತಮಾನದಲ್ಲಿ ಬೇರೂರಿದೆ. ಧೈರ್ಯವು ಒಂದು ಕಡೆ, ಆಟವು ಒಂದು ಕಡೆ ಇರುವಷ್ಟು ಕಾಲ ಎರಡರಿಂದಲೂ ಊರಿಗೆ ಆಗುವ ಪ್ರಯೋಜನವು ಅರೆಯಷ್ಟೇ. ಸಿಡ್ನಿಯ ತರುಣರು ಮಾಡಿದ ದೊಡ್ಡ ಕೆಲಸವೆಂದರೆ ಇವೆರಡನ್ನೂ ಒಂದೇ ಮಾಡಿನ ಕೆಳಗೆ ತಂದು, ವಾರ ವಾರವೂ ಸರದಿಯ ಪಟ್ಟಿಯಲ್ಲಿ ಹೆಸರು ಬರೆದುಕೊಂಡು ನಿಂತುದು. ತಪ್ಪುಗಳನ್ನು ಅವರು ಮಾಡಿದರು, ತಡವಾಗಿಯಾದರೂ ತಿದ್ದಿಕೊಂಡರು. ಕಡಲ ಕರೆಯ ಒಂದು ಊರಿನಲ್ಲಿ ಹತ್ತು ಮಂದಿ ಈಜುಗಾರರೂ, ಒಂದು ಉದ್ದನೆಯ ಹಗ್ಗವೂ, ಭಾನುವಾರದ ಸರದಿಯನ್ನು ತಪ್ಪದೆ ಬರೆಯುವ ಒಬ್ಬ ಕಾರ್ಯದರ್ಶಿಯೂ ಇದ್ದರೆ ಇಂಥ ಸಂಘವನ್ನು ಆರಂಭಿಸುವುದಕ್ಕೆ ಸಾಕು. ಬಾಂಡೈಯಲ್ಲಿಯೂ 1907ರಲ್ಲಿ ಇದಕ್ಕಿಂತ ಬಹಳ ಹೆಚ್ಚಿನ ಬಂಡವಾಳವೇನೂ ಇರಲಿಲ್ಲ.